ಟೀ ಜೊತೆ ನುಂಗಿದ ಗುಳಿಗೆ

ಚನ್ನಗಿರಿಯ ಆ ಸಭೆಗೆ ನಾನು ಹೋದದ್ದು ತಂಗಿಗೆ ಜೊತೆಯಾಗಿ. ಅವಳು ಆಗ ಎರಡನೇ ಸಲ ಬಸುರಿ. ಮೊದಲ ಮಗು ತಿಂಗಳು ತುಂಬುವ ಮುಂಚೆಯೇ ಹುಟ್ಟಿ, ಹುಟ್ಟಿದ ದಿನವೇ ಹೋಗಿತ್ತು. "ತಾಯಿ ಮೈಯಲ್ಲಿ ರಕ್ತವೇ ಇರಲಿಲ್ಲ" ಎಂದಿದ್ದರು ಡಾಕ್ಟರು. ಈ ಸಲವೂ ರಕ್ತ ಏರುತ್ತಿರಲಿಲ್ಲ. ಹೆರಿಗೆಯ ಹೊತ್ತಿಗೆ ಏರದಿದ್ದರೆ ತಾಯಿ, ಮಗು ಇಬ್ಬರಿಗೂ ಕಷ್ಟ ಎಂದು ಅವರೇ ಎಚ್ಚರಿಸಿದ್ದರು. ಆದರೆ ತಂಗಿ ರಕ್ತ ಏರಿಸುವ ಕಬ್ಬಿಣಾಂಶದ ಗುಳಿಗೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ.

ಅವಳು ಕೆರೆಬಿಳಚಿಯ ಒಂದು ಶೆಡ್ಡಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಮಧ್ಯಾಹ್ನಕ್ಕೆ ಮುಂಚೆ ಮಾಲೀಕರ ಮನೆಯಿಂದ ಕಡಕ್ ಟೀ ಬರುತ್ತದೆ. ಸರ್ಕಾರ ಕೊಡುವ ಗುಳಿಗೆಯನ್ನು ಹೆಂಗಸರೆಲ್ಲ ಆ ಟೀ ಜೊತೆಗೇ ನುಂಗುತ್ತಿದ್ದರು. ಮನೆಯಲ್ಲಿ ಮರೆತುಹೋಗುತ್ತದೆ, ಬರಿಹೊಟ್ಟೆಯಲ್ಲಿ ವಾಕರಿಕೆ ಬೇರೆ. ಶೆಡ್ಡಿನ ಹಿರಿಯಳೊಬ್ಬಳು ಯೋಚಿಸಿ ಮಾಡಿದ ಪದ್ಧತಿ ಅದು. ಟೀ ಕ್ಯಾನು ಕಂಡದ್ದೇ "ಗುಳಿಗೆ ತೆಗೀರೇ" ಎಂದು ಕೂಗುತ್ತಿದ್ದಳು. ಯಾರಾದರೂ ನೆಪ ತೆಗೆದರೆ ಬಾಯಿ ತೆರೆಸಿ ನೋಡುತ್ತಿದ್ದಳು. ನಾನು ಸಂತೇಬೆನ್ನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿಗೊಬ್ಬರ ಮೇಲೆ ಅಷ್ಟು ಅಕ್ಕರೆಯಿಲ್ಲ.

ತಂಗಿಯ ಮೊದಲ ಬಸುರಿನಲ್ಲೇ ರಕ್ತಹೀನತೆಯ ಸಂಶೋಧನೆ ಮಾಡುವವರು ಆ ಶೆಡ್ಡಿಗೆ ಬಂದಿದ್ದರು. ನಿಮ್ಮ ಒಳ್ಳೆಯದಕ್ಕೇ ಎಂದರು. ಹೆಂಗಸರು ಕತ್ತಿ ಕೆಳಗಿಟ್ಟು ಕೈ ಚಾಚಿದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ರಕ್ತ ತೆಗೆದುಕೊಂಡು ಹೋದವರು ಮತ್ತೆ ತಲೆ ಹಾಕಲಿಲ್ಲ. ಈಗ ಫಲಿತಾಂಶ ಹಂಚಿಕೊಳ್ಳುತ್ತೇವೆಂದು ವ್ಯಾನು ಕಳಿಸಿ ಶೆಡ್ಡಿನವರನ್ನೆಲ್ಲ ಚನ್ನಗಿರಿಗೆ ಕರೆಸಿದ್ದರು.

ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದಲೂ ಹೆಂಗಸರು ಬಂದಿದ್ದರು. ಅವರಿಗೆಲ್ಲ ಹಿಂದಿನ ಕುರ್ಚಿ. ಮುಂದೆ ಶಾಲು, ಹಾರ, ಮೈಕು. ಮಾತೆಲ್ಲ ಇಂಗ್ಲಿಷಿನಲ್ಲಿ, ಪರದೆಯ ಮೇಲಿನದೂ ಇಂಗ್ಲಿಷೇ. ಹೆಂಗಸರು ಚಪ್ಪಾಳೆ ಬಿದ್ದಾಗ ಚಪ್ಪಾಳೆ ತಟ್ಟಿದರು. ನಾನು ಓದುತ್ತಾ ಕೂತಿದ್ದೆ. ಒಂದು ಕಡೆ ಬರೆದಿತ್ತು: ಟೀ ಜೊತೆ ತೆಗೆದುಕೊಂಡವರಲ್ಲಿ ಗುಳಿಗೆ ಮೈಗೆ ಹತ್ತಿಲ್ಲ, ರಕ್ತ ಕಡಿಮೆಯೇ ಇದೆ.

ಎದ್ದು ನಿಂತೆ. "ಸಾರ್, ಇದನ್ನ ಕನ್ನಡದಲ್ಲಿ ಹೇಳ್ರಿ. ಯಾರ ರಕ್ತ ತಗಂಡ್ರೋ ಅವ್ರು ಹಿಂದೆ ಕುಂತಾರೆ."

ವೇದಿಕೆಯ ಮೇಲಿನವರು ನಕ್ಕರು. "ಒಳ್ಳೆ ಸಲಹೆ ಮೇಡಂ. ಕನ್ನಡದ ಕರಪತ್ರ ಪ್ರಿಂಟಿಗೆ ಹೋಗಿದೆ. ಈಗ ಟೀ ಬ್ರೇಕ್."

ಪೇಪರ್ ಕಪ್ಪುಗಳಲ್ಲಿ ಟೀ ಬಂತು. ಹಿರಿಯಳು ಅಭ್ಯಾಸದಂತೆ ಕೂಗಿದಳು: "ಗುಳಿಗೆ ತೆಗೀರೇ." ತಂಗಿಯ ತುಟಿಯವರೆಗೆ ಹೋಗಿದ್ದ ಕಪ್ಪನ್ನು ನಾನು ಕಿತ್ತುಕೊಂಡೆ. ಟೀ ಅವಳ ಸೀರೆ ಮೇಲೆ ಚೆಲ್ಲಿತು.

"ಯಾಕ್ರೀ ಮೇಡಂ, ಏನಾತು?" ಹಿರಿಯಳು ಸಿಟ್ಟಾದಳು.

"ಟೀ ಜೊತೆ ನುಂಗಿದ್ರೆ ಗುಳಿಗೆ ಮೈಗೆ ಹತ್ತಲ್ಲಂತೆ. ಇಷ್ಟೊತ್ತೂ ಅವ್ರು ಮೈಕಲ್ಲಿ ಹೇಳ್ತಿದ್ದುದು ಇದನ್ನೇ."

ಅವಳು ಕಪ್ಪನ್ನು ಕುರ್ಚಿಯ ಕೆಳಗಿಟ್ಟಳು. "ಹಂಗಾರೆ ನಾನೇ ಇವ್ರಿಗೆಲ್ಲ ಬಾಯಿ ತೆಗೆಸಿ ನುಂಗಿಸಿದ್ನಲ್ರೀ" ಎಂದಳು. ಆಮೇಲೆ ಊರು ಮುಟ್ಟುವ ತನಕ ವ್ಯಾನಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ತಲೆ ತಗ್ಗಿಸಬೇಕಾದವರು ಅವಳಲ್ಲ, ಶಾಲು ಹೊದ್ದವರು. ಅವರು ಸಭೆ ಮುಗಿಸಿ ಊಟಕ್ಕೆ ಹೋಗಿದ್ದರು.

ಮರುದಿನದಿಂದ ಶೆಡ್ಡಿನಲ್ಲಿ ಟೀ ಹೊತ್ತಿಗೆ ಗುಳಿಗೆ ಇಲ್ಲ. ಸಂಜೆ ಮನೆಗೆ ಹೊರಡುವಾಗ ಹಿರಿಯಳು ನಿಂಬೆಹಣ್ಣಿನ ನೀರು ಮಾಡಿ ಎಲ್ಲರಿಗೂ ನುಂಗಿಸುತ್ತಾಳೆ. ತಂಗಿಯ ರಕ್ತ ನಿಧಾನಕ್ಕೆ ಏರಿತು. ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ. ಸಂತೋಷಪಡಬೇಕು, ಪಟ್ಟೆವು. ಆದರೆ ಇಷ್ಟು ಸುಲಭವಿತ್ತೇ ಎಂದು ನೆನೆದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಮೊದಲ ಮಗುವನ್ನು ಟೀಯೇ ತಿಂದಿತು ಎಂದು ನಾನು ಹೇಳುತ್ತಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಕರಪತ್ರ ಇವತ್ತಿಗೂ ಬಂದಿಲ್ಲ.

ಬಾಣಂತಿ ಕೋಣೆಯಲ್ಲಿ ಮಗುವಿಗೆ ಹಾಲೂಡಿಸುತ್ತಾ ತಂಗಿ ಒಂದು ದಿನ ಇದ್ದಕ್ಕಿದ್ದಂತೆ ಹೇಳಿದಳು:

"ಅಕ್ಕಾ, ಮೊದ್ಲು ರಕ್ತ ತಗಳಾಕೆ ಬಂದಿದ್ರಲ್ಲ, ಅದ್ರಾಗೆ ಒಬ್ಳು ಹುಡುಗಿ ನನ್ನ ಕೇಳಿದ್ಲು, ಗುಳಿಗೆ ಯಾತರ ಜೊತೆ ನುಂಗ್ತೀರಿ ಅಂತ. ಟೀ ಜೊತೆ ಅಂದೆ. ಬರ್ಕಂಡ್ಳು. ಹೊಟ್ಟೆ ಮುಂದಿತ್ತು, ನೋಡಿದ್ಲು ಕೂಡ. ಗೊತ್ತಿದ್ದಕ್ಕೇ ಅಲ್ವಾ ಕೇಳಿದ್ದು? ಬ್ಯಾಡ ಅಂತ ಒಂದ್ ಮಾತು ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತಕ್ಕಾ?"