ತೊಗಲಿನ ಸಂಘಕ್ಕೆ ಹತ್ತು ಹೆಬ್ಬೆಟ್ಟು

೧೯೫೪ರ ಮಳೆಗಾಲ ಮುಗಿಯುವ ಹೊತ್ತಿಗೆ ಮಸ್ಕಿಯ ಗದ್ದೆಮ್ಮ ಇಪ್ಪತ್ತು ಜೊತೆ ಕೆರವು ಹೊತ್ತು ಸಿಂಧನೂರಿಗೆ ಹೋದಳು. ಇಪ್ಪತ್ತನ್ನೂ ಹೊತ್ತುಕೊಂಡೇ ತಿರುಗಿ ಬಂದಳು. ಅಂಗಡಿಯ ಶಿವಶರಣಪ್ಪ ಒಂದು ಕೆರವನ್ನು ಮೂಗಿನ ತನಕ ಒಯ್ದು ಕೆಳಗಿಟ್ಟಿದ್ದ.

"ಹೊಲಿಗಿ ಛಲೋ ಐತಿ ಗದ್ದೆಮ್ಮ, ನಿನ್ನ ಗಂಡನ ಕೈಗೆ ಹೆಸರಿಡಂಗಿಲ್ಲ. ಆದ್ರ ಈ ತೊಗಲು ನೆನದ್ರ ನಾರತೈತಿ, ಒಣಗಿದ್ರ ಕಟಗಿ ಆಗತೈತಿ. ಕಾಲುವಿ ಕೆಲಸಕ್ಕ ಬಂದ ಮಂದಿ ಪ್ಯಾಟಿ ಚಪ್ಲಿ ಕೇಳಾಕತ್ಯಾರ."

"ಹಂಗಾದ್ರ ನಾವೇನು ಮಾಡಬೇಕ್ರಿ?"

"ಹೊಸ ನಮೂನಿ ಹದ ಮಾಡೋದು ಕಲಸಾಕ ಸರ್ಕಾರದವ್ರು ಮಂದೀನ ಕಳಸ್ತಾರಂತ. ಲಿಂಗಸುಗೂರು ಕಚೇರ್ಯಾಗ ಕೇಳು."

ಮಾತು ಮುಗಿಸಲೆಂದೇ ಅವನು ಹಾಗೆ ಹೇಳಿದ್ದಿರಬಹುದು. ಗದ್ದೆಮ್ಮನಿಗೆ ಮಾತ್ರ ಅಂದಿನಿಂದ ಕೂತಲ್ಲಿ ಕೂಡಲಾಗಲಿಲ್ಲ. ಕೇರಿಯ ಹನ್ನೆರಡು ಮನೆಗಳೂ ತಂಗಡಿ ಗಿಡದ ತೊಗಟೆಯ ನೀರಿನಲ್ಲಿ ತೊಗಲು ನೆನೆಹಾಕಿ ಹದಮಾಡಿ ಬದುಕಿದವು. ಪ್ಯಾಟಿ ಚಪ್ಲಿ ಮಸ್ಕಿಯ ಸಂತೆಗೂ ಬಂದರೆ ಮುಂದೇನು? ಒಲೆಯ ಮುಂದೆ ಕೂತರೂ ಅದೇ, ನೀರಿಗೆ ಹೋದರೂ ಅದೇ.

ಮೂರನೆಯ ದಿನ ಲಿಂಗಸುಗೂರಿನ ಕಚೇರಿಯ ಮೆಟ್ಟಿಲ ಬಳಿ ನಿಂತಳು. ಜವಾನ ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಮರದಡಿ ಅರ್ಜಿ ಬರೆಯುವ ದಾವಲ್‌ಸಾಬ್ ಕೂತಿದ್ದ. ಅವನೇ ಒಳಗೆ ಹೋಗಿ ವಿಚಾರಿಸಿ ಬಂದ.

"ಒಬ್ಬರಿಗೆ ಕೊಡಂಗಿಲ್ಲ ತಂಗಿ. ಹತ್ತು ಮಂದಿ ಕೂಡಿ ಸಂಘ ಮಾಡ್ರಿ. ಆಗ ಒಬ್ಬ ಮಾಸ್ತರನ್ನ ಕಳಸ್ತಾರ, ತೊಟ್ಟಿ ಕಟ್ಟಾಕ ಸಿಮೆಂಟೂ ಕೊಡ್ತಾರ."

ಅವನು ಬರೆದ ಉರ್ದು ಅರ್ಜಿಯನ್ನು ಗುಮಾಸ್ತ ಹಿಂದಕ್ಕೆ ತಳ್ಳಿದ. ನಿಜಾಮನ ಕಾಲ ಹೋಯಿತು, ಕನ್ನಡದಲ್ಲಿ ಬರೆದು ತಾ ಎಂದ. ದಾವಲ್‌ಸಾಬ್ ಇಪ್ಪತ್ತು ವರ್ಷ ಉರ್ದುವಿನಲ್ಲೇ ಕೈ ಆಡಿಸಿದವ. ನಾಲಿಗೆ ಕಚ್ಚಿಕೊಂಡು ಒಂದೊಂದೇ ಕನ್ನಡ ಅಕ್ಷರ ಕೂಡಿಸಿ ಅರ್ಧ ದಿನದಲ್ಲಿ ಬರೆದುಕೊಟ್ಟ.

ಕೇರಿಯಲ್ಲಿ ಎಂಟು ಜನ ಒಪ್ಪಿದರು, ಉಳಿದವರು ಹಿಂದೆ ಸರಿದರು. ಒಂಬತ್ತನೆಯ ಹೆಸರು ಅವಳದೇ. ಹತ್ತನೆಯವನು ಗಂಡ ಅಂಬಪ್ಪನ ಅಣ್ಣ ಅಯ್ಯಪ್ಪ. ಅವನು "ನೋಡೋಣ" ಎಂದಷ್ಟೇ ಅಂದ. ಅವನ ಹೆಸರನ್ನೂ ಬರೆಸಿ ಅರ್ಜಿ ಹಿಡಿದು ಲಿಂಗಸುಗೂರಿಗೆ ಹೋದರೆ, ಸಂಘಕ್ಕೆ ಒಪ್ಪಿಗೆ ಕೊಡಬೇಕಾದ ಕೈಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ಸಿಂಧನೂರಿಗೆ ಹೋಗಿದ್ದರು. ಸಿಂಧನೂರಿಗೆ ಹೋದರೆ ಲಿಂಗಸುಗೂರಿಗೆ ಹೋಗಿದ್ದರು.

"ಕಾಲಿಗೆ ಚಕ್ರ ಕಟ್ಟಿಗೊಂಡೀಯೇನು?" ಎಂದ ಅಂಬಪ್ಪ.

"ನೀ ಕೂತು ಹೊಲೀತಿ, ನಾ ತಿರಗತೀನಿ. ಇಬ್ರೂ ಕೂತ್ರ ಆ ಕೆರವು ಯಾರ ಕಾಲಿಗೆ ಹೋಗಬೇಕು?"

ನಾಲ್ಕನೆಯ ಸಲ ಸಿಂಧನೂರಿನ ಮುಸಾಫಿರ್ ಬಂಗಲೆಯಲ್ಲಿ ಇನ್‌ಸ್ಪೆಕ್ಟರ್ ಸಿಕ್ಕರು. ಅರ್ಜಿ ಓದಿ ಹುಬ್ಬೇರಿಸಿದರು. "ಇದರಲ್ಲಿ ಹೆಂಗಸಿನ ಹೆಸರಿದೆಯಲ್ಲ? ಕೆಲಸ ಬಲ್ಲವರು ಮಾತ್ರ ಸದಸ್ಯರಾಗಬೇಕು."

"ಅದಕ್ಕ ನನ್ನ ಹೆಸರು ಬರಸೀನ್ರಿ."

ಅವರು ಮೇಜಿನ ಮೇಲಿದ್ದ ಎರಡು ತುಂಡು ತೊಗಲನ್ನು ಅವಳ ಮುಂದೆ ಸರಿಸಿದರು. ಗದ್ದೆಮ್ಮ ಒಂದನ್ನು ಮಡಿಚಿದಳು, ಮೂಸಿದಳು, ಅಂಚನ್ನು ಹಲ್ಲಿನಿಂದ ಕಚ್ಚಿ ನೋಡಿದಳು.

"ಇದು ಎಮ್ಮೀದು. ಛಲೋ ಹದ ಬಂದೈತ್ರಿ, ನಾರೂದಿಲ್ಲ. ಇಂಥಾದ್ದು ನಮಗ ಬರಂಗಿಲ್ಲ." ಇನ್ನೊಂದನ್ನು ಉಗುರಿನಿಂದ ಕೆರೆದಳು. "ಇದನ್ನ ಸುಣ್ಣದ ನೀರಾಗಿಂದ ತಡಾ ಮಾಡಿ ತಗದಾರ. ಮೈ ಸಡ್ಲ ಆಗೈತಿ. ಯಾರೋ ಮರತು ಬಿಟ್ಟಾರ ನೋಡ್ರಿ."

ಇನ್‌ಸ್ಪೆಕ್ಟರ್ ನಕ್ಕರು. "ಮರೆತವನು ನಾನೇ. ಕಲಿಯುವಾಗ ಮಾಡಿದ್ದು, ಬುದ್ಧಿ ಇರಲಿ ಅಂತ ಇಟ್ಟುಕೊಂಡಿದ್ದೇನೆ." ಬರುವ ಗುರುವಾರವೇ ಮಸ್ಕಿಗೆ ಬರುವುದಾಗಿಯೂ, ಹತ್ತೂ ಜನ ಎದುರಿಗಿದ್ದು ಹೆಬ್ಬೆಟ್ಟು ಒತ್ತಬೇಕೆಂದೂ ಹೇಳಿದರು.

ಸುದ್ದಿ ಹೊತ್ತು ಓಡೋಡಿ ಬಂದರೆ ಅಯ್ಯಪ್ಪನ ಮನೆಗೆ ಬೀಗ ಬಿದ್ದಿತ್ತು. ಕೂಲಿಗೆಂದು ತುರ್ವಿಹಾಳಕ್ಕೆ ಹೋಗಿದ್ದ. ಗುರುವಾರಕ್ಕೆ ಎರಡೇ ದಿನ. ಗದ್ದೆಮ್ಮ ಬಿಚ್ಚಿಟ್ಟ ಬುತ್ತಿಯನ್ನು ಮತ್ತೆ ಕಟ್ಟಿಕೊಂಡಳು.

ತುರ್ವಿಹಾಳದ ಕಣದಲ್ಲಿ ಅಯ್ಯಪ್ಪ ಅವಳನ್ನು ಕಂಡು ಮುಖ ತಿರುಗಿಸಿದ.

"ಭಾವಾ, ಯಾಕ ತಪ್ಪಿಸ್ಯಾಡಾಕತ್ತೀರಿ?"

"ಹೆಬ್ಬಟ್ಟಂದ್ರ ನಿನಗೇನು ಗೊತ್ತವ್ವಾ? ಹಿಂದೊಮ್ಮೆ ಒತ್ತಿದ್ದೆ. ಕಾಗದದಾಗ ಏನೈತಂತ ಯಾರೂ ಹೇಳ್ಲಿಲ್ಲ. ಹನ್ನೊಂದು ವರ್ಷ ದೇಶಮುಖರ ವಾಡೇದಾಗ ಬಿಟ್ಟಿ ದುಡದೆ. ನಮ್ಮವ್ವ ಸತ್ತ ದಿನಾನೂ ಬಿಡ್ಲಿಲ್ಲ."

ಭಾವ ಬಿಟ್ಟಿ ದುಡಿದದ್ದು ಗದ್ದೆಮ್ಮನಿಗೆ ಗೊತ್ತಿತ್ತು, ಅದರ ಹಿಂದೆ ಒಂದು ಹೆಬ್ಬೆಟ್ಟು ಇದ್ದದ್ದು ಗೊತ್ತಿರಲಿಲ್ಲ. ಹತ್ತು ಹೆಸರು ಕೂಡಿಸುವ ಅವಸರದಲ್ಲಿ, ನೋಡೋಣ ಎಂದವನ ಮುಖವನ್ನು ಅವಳು ನೋಡಿರಲೇ ಇಲ್ಲ. ದಾವಲ್‌ಸಾಬ್ ಬರೆದುಕೊಟ್ಟಿದ್ದ ಅರ್ಜಿಯ ನಕಲನ್ನು ಸೆರಗಿನಿಂದ ಬಿಚ್ಚಿ ಅವನ ಕೈಗಿತ್ತಳು.

"ನಾನೂ ಓದಾಕ ಬರಲಾರದಾಕಿ. ನೀವು ಯಾರನ್ನ ನಂಬತೀರೋ ಅವರ ಕಡೆ ಓದಸ್ರಿ. ಬಿಟ್ಟಿ ಅನ್ನೋ ಮಾತು ಒಂದು ಬಂದ್ರೂ ನಾ ಹೊಳ್ಳಿ ಹೋಗತೀನಿ."

ಅಯ್ಯಪ್ಪ ಊರ ಶಾಲೆಯ ಮಾಸ್ತರರಿಂದ ಓದಿಸಿದ. ಸಾಲದೆ ಇನ್ನೊಬ್ಬರನ್ನು ಹುಡುಕಿ ಅವರಿಂದಲೂ ಓದಿಸಿದ. ಗದ್ದೆಮ್ಮ ಶಾಲೆಯ ಅಂಗಳದಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಲೇ ಇದ್ದಳು. ಕೊನೆಗೆ ಅವನು ಹೊರಗೆ ಬಂದು ರುಮಾಲು ಸುತ್ತಿಕೊಂಡ. "ನಡಿ. ಬಸ್ ತಪ್ಪಿದ್ರ ಮತ್ತ ನನ್ನ ಮ್ಯಾಲೆ ಹಾಕೀ" ಎಂದ.

ಗುರುವಾರ ಹತ್ತು ಹೆಬ್ಬೆಟ್ಟು ಬಿದ್ದವು. ಸಂಘ ದಾಖಲಾಗಲು ಏಳು ತಿಂಗಳು ಹಿಡಿಯಿತು. ಹದ ಕಲಿಸುವ ಮಾಸ್ತರ ಬಂದ, ಸಿಮೆಂಟು ಬರಲಿಲ್ಲ. ಗದ್ದೆಮ್ಮ ಕಾಯುವವಳಲ್ಲ, ಚಪ್ಪಡಿ ಫರ್ಸಿಕಲ್ಲು ತರಿಸಿ ನೆಲದಲ್ಲೇ ಗುಂಡಿ ಕಟ್ಟಿಸಿದಳು. ಮೊದಲ ಸಲದ ತೊಗಲು ಪೂರಾ ಕೆಟ್ಟಿತು. ಎರಡನೆಯ ಸಲದ್ದು ಬಟ್ಟೆಯಂತೆ ಬಾಗಿತು. ಅಂಬಪ್ಪ ಅದನ್ನು ಕೆನ್ನೆಗೆ ಒತ್ತಿಕೊಂಡ. ಶಿವಶರಣಪ್ಪ ಮರುವರ್ಷದ ಬೇಸಿಗೆಯಿಂದ ಕೇರಿಯ ಕೆರವು ತರಿಸಿಕೊಳ್ಳತೊಡಗಿದ.

ಸಂಘದವರು ಹೊಲಿಗೆ ಯಂತ್ರಕ್ಕೂ ಅರ್ಜಿ ಹಾಕಿದ್ದರು. ಅದು ಮಂಜೂರಾಗುವ ಮೊದಲೇ, ೧೯೫೬ರ ನವೆಂಬರಿನಲ್ಲಿ, ಹೈದರಾಬಾದ್ ರಾಜ್ಯ ಒಡೆದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಇವರ ಕಾಗದ ಹೈದರಾಬಾದಿಗೆ ಹೋಗಿದೆಯೋ ಮೈಸೂರಿನ ಕಡೆ ಹೋಗಿದೆಯೋ ಯಾರಿಗೂ ತಿಳಿಯದು ಎಂದು ದಾವಲ್‌ಸಾಬ್ ಹೇಳಿಕಳಿಸಿದ.

"ನಾಕು ದಿನಾ ತಡಿ. ಎಲ್ಲಾ ಒಂದು ಹದಕ್ಕ ಬರಲಿ" ಎಂದ ಅಂಬಪ್ಪ.

ಮರುದಿನ ಬೆಳಿಗ್ಗೆ ಗದ್ದೆಮ್ಮ ರಸ್ತೆಯಲ್ಲಿದ್ದಳು. ಬಸ್ಸು ತಡವಾಗಿತ್ತು. ನಿಂತು ನಿಂತು ಬೇಸತ್ತು ಲಿಂಗಸುಗೂರಿನ ದಾರಿ ಹಿಡಿದು ನಡೆದೇಬಿಟ್ಟಳು. ಎರಡು ಮೈಲಿ ದಾಟಿದ ಮೇಲೆ ಬಸ್ಸು ಹಿಂದಿನಿಂದ ಬಂದು ಅವಳನ್ನು ಹತ್ತಿಸಿಕೊಂಡಿತು.