ತುಟಿಯಲ್ಲಿ ಮುಟ್ಟಿ ನೋಡುವ ಕಾಲುಚೀಲ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯ ಉದ್ದನೆಯ ವಾರ್ಡಿನಲ್ಲಿ ಇನ್ನೂ ಒಂದೇ ದೀಪ ಉರಿಯುತ್ತಿದೆ. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರ ವಾರ್ಡು ಇದು. ಮೂಲೆಯ ಕೋಣೆಯಲ್ಲಿ ಆಯಾ ಒಬ್ಬರು ತೋಳು ಮೇಲೇರಿಸಿ ಬೇಸಿನ್ನುಗಳಿಗೆ ಬಿಸಿನೀರು ಬೆರೆಸುತ್ತಿದ್ದಾರೆ. ಹದ ನೋಡಲು ಬೆರಳು ಅದ್ದುವುದಿಲ್ಲ, ಮೊಣಕೈ ಅದ್ದುತ್ತಾರೆ.

"ಬೆರಳು ಈಗ ಸುಳ್ಳು ಹೇಳುತ್ತೆ" ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ, ತಲೆಯೆತ್ತದೆ.

ಮೂವತ್ತೆರಡು ಹಾಸಿಗೆ. ಎಂಟು ಗಂಟೆಗೆ ಡಾಕ್ಟರು ಬರುವಷ್ಟರಲ್ಲಿ ಅಷ್ಟೂ ಜನರ ಹಳೆ ಪಟ್ಟಿ ನೆನೆಸಿ ಸಡಿಲಿಸಬೇಕು, ಕಾಲು ಒರೆಸಬೇಕು, ಬಕೆಟ್ಟಿಗೆ ಬಿದ್ದದ್ದನ್ನು ಮುಚ್ಚಿ ಹೊರಗೆ ಸಾಗಿಸಬೇಕು. ಆ ವಾಸನೆಗೆ ಹೊಸದಾಗಿ ಬಂದ ನರ್ಸುಗಳು ಊಟ ಬಿಟ್ಟದ್ದುಂಟು. ಇವರದು ಇಲ್ಲೇ ಇಪ್ಪತ್ತಾರು ವರ್ಷ. ಹಾಜರಿ ಪುಸ್ತಕದಲ್ಲಿ ಬೇರೇನೋ ಹೆಸರಿದೆ. ವಾರ್ಡಿನವರ ಬಾಯಲ್ಲಿ ಮಾತ್ರ ಕಾಲುಚೀಲದಕ್ಕ.

ಕೆಲಸದ ನಡುವೆ ಹತ್ತು ನಿಮಿಷ ಸಿಕ್ಕರೂ ಸಾಕು, ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಬಟ್ಟೆಯ ಚೀಲದಿಂದ ಐದು ಸಣ್ಣ ಕಡ್ಡಿ ತೆಗೆಯುತ್ತಾರೆ. ನಾಲ್ಕರ ಮೇಲೆ ಕುಣಿಕೆಗಳು, ಐದನೆಯದು ಹೆಣೆಯಲು. "ಸಂಬಳಕ್ಕೆ ಹುಣ್ಣು ತೊಳೀತೀನಿ, ನನಗೋಸ್ಕರ ಹೆಣೀತೀನಿ. ಹಿಮ್ಮಡಿ ತಿರುಗಿಸೋ ಜಾಗ ಇದೆಯಲ್ಲ, ಅಲ್ಲೇ ಮಜಾ ಇರೋದು. ಅಲ್ಲೀತನಕ ಬರೀ ಕೊಳವೆ. ಅರ್ಧ ದಾರಿ ಹೋಗಿ ವಾಪಸ್ಸು, ಮತ್ತೆ ಹೋಗಿ ವಾಪಸ್ಸು, ನೋಡ್ತಾ ನೋಡ್ತಾ ಬಟ್ಟಲಾಗಿಬಿಡುತ್ತೆ. ಎಷ್ಟು ಸಲ ಮಾಡಿದ್ರೂ, ಅರೆ, ಇದು ನಾನೇ ಮಾಡಿದ್ದಾ ಅನ್ಸುತ್ತೆ."

ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಹತ್ತಿರ ಕಲಿತದ್ದು. ಮದುವೆಯಾಗಿ, ಗಂಡ ತೀರಿಕೊಂಡು, ಆಸ್ಪತ್ರೆ ಸೇರಿದ ಮೇಲೂ ಕೈಬಿಡಲಿಲ್ಲ. ರಕ್ತ ಸರಿಯಾಗಿ ಓಡದ ಕಾಲು ಯಾವಾಗಲೂ ತಣ್ಣಗಿರುತ್ತದೆ; ವಾಸಿಯಾಗಿ ಮನೆಗೆ ಹೊರಟವರಿಗೆ ಒಂದು ಜೊತೆ ಕೊಟ್ಟು ಕಳಿಸುವುದು ಹಾಗೇ ರೂಢಿಯಾಯಿತು. ನೂಲು ಮಾತ್ರ ಹೊಸದಲ್ಲ. ಯಾರೋ ಬಿಟ್ಟುಹೋದ ಹಳೆ ಸ್ವೆಟರುಗಳನ್ನು ಬಿಚ್ಚಿದ್ದು, ತುಂಡು ತುಂಡು. ತುಂಡಿನ ತುದಿಗಳನ್ನು ಒದ್ದೆಮಾಡಿ ಅಂಗೈಯಲ್ಲಿ ತಿಕ್ಕಿ ಒಂದಾಗಿಸುತ್ತಾರೆ. ಗಂಟು ಹಾಕುವುದಿಲ್ಲ.

ಒಂದು ಕಾಲದಲ್ಲಿ ಹಾಕುತ್ತಿದ್ದರು.

ಎಂಟು ವರ್ಷದ ಹಿಂದೆ ಒಬ್ಬ ಪೋಸ್ಟ್‌ಮ್ಯಾನ್ ಇಲ್ಲಿಂದ ಗುಣವಾಗಿ ಹೋದರು, ಅಕ್ಕ ಹೆಣೆದ ಕಾಲುಚೀಲ ಹಾಕಿಕೊಂಡೇ. ಹತ್ತನೇ ದಿನಕ್ಕೆ ವಾಪಸ್ಸು ಬಂದರು. ಬಲಗಾಲಿನ ಹೆಬ್ಬೆರಳಿನಡಿ ತೂತು ಬಿದ್ದಿತ್ತು. ಸ್ಪರ್ಶ ಸತ್ತ ಕಾಲು. ಬೀದಿ ಬೀದಿ ಸುತ್ತಿದರೂ ಅವರಿಗೇನೂ ಗೊತ್ತಾಗಿರಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗಿನದೆಲ್ಲ. ಬೂಟಿನೊಳಗೆ ಕಲ್ಲು ಸೇರಿತ್ತು ಎಂದು ಪೋಸ್ಟ್‌ಮ್ಯಾನ್ ಇವತ್ತಿಗೂ ಹೇಳುತ್ತಾರೆ. ಆದರೆ ರಕ್ತಕ್ಕೆ ಅಂಟಿದ್ದ ಕಾಲುಚೀಲವನ್ನು ಬಿಡಿಸಿದವರು ಅಕ್ಕ. ಹುಣ್ಣಿದ್ದ ಜಾಗಕ್ಕೆ ಸರಿಯಾಗಿ ಅದರೊಳಗೆ ಅವರೇ ಹಾಕಿದ ಗಂಟಿತ್ತು. ಅದನ್ನು ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದರು. ಬಾಯಿಯನ್ನೂ.

ಅಂದಿನಿಂದ ಗಂಟಿಲ್ಲದ ಹೆಣಿಗೆ. ಬೇರೆಯವರು ಸ್ವೆಟರಿನಲ್ಲಿ ಹಾಕಿಟ್ಟ ಹಳೆ ಗಂಟು ನೂಲಿನ ಜೊತೆ ಬಂದರೆ ಬೆರಳಿಗೆ ಸಿಕ್ಕಿಬೀಳುತ್ತಿತ್ತು. ಆದರೆ ಹೋದ ಚಳಿಗಾಲದಲ್ಲಿ ಬೆರಳಿಗೆ ಕಡ್ಡಿ ಚುಚ್ಚಿ ಬಿಳಿ ನೂಲು ಕೆಂಪಾಗುವತನಕ ಅವರಿಗೆ ತಿಳಿಯಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿಸಿದರು. ಅದೇ ಕಾಯಿಲೆ. ಬೆರಳುಗಳ ಸ್ಪರ್ಶ ಹೋಗಿದೆ, ವಾಪಸ್ಸು ಬರುವ ಭರವಸೆ ಇಲ್ಲ ಎಂದರು. ಈಗ ಹೆಣೆದು ಮುಗಿಸಿದ್ದನ್ನು ಒಳಮುಖ ಮಾಡಿ ಕೆಳತುಟಿಯ ಮೇಲೆ ಇಂಚಿಂಚಾಗಿ ಎಳೆದು ನೋಡುತ್ತಾರೆ.

ಇವತ್ತು ಪೋಸ್ಟ್‌ಮ್ಯಾನ್ ತಪಾಸಣೆಗೆ ಬರುವ ದಿನ. ಅವರ ಉಳಿದ ಎಡಗಾಲಿಗೆಂದು ಒಂಬತ್ತು ದಿನ ಹೆಣೆದ ಒಂಟಿ ಕಾಲುಚೀಲವನ್ನು ಅಕ್ಕ ಆರು ಗಂಟೆಗೆ ತುಟಿಗೆ ಹಚ್ಚುತ್ತಾರೆ. ಹೆಬ್ಬೆರಳಿನಡಿಯ ಜಾಗದಲ್ಲಿ ತುಟಿ ನಿಲ್ಲುತ್ತದೆ. ಸಾಸಿವೆಯಷ್ಟು ಗಂಟು. ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ, ಹನ್ನೊಂದನೇ ಹಾಸಿಗೆಯ ಪಟ್ಟಿ ಬಿಚ್ಚಲು ಹೋಗುತ್ತಾರೆ.

ಒಂಬತ್ತೂವರೆಗೆ ಊರುಗೋಲಿನ ಸದ್ದು.

"ಏನಕ್ಕಾ, ನನ್ನ ಆಸ್ತಿ ರೆಡಿಯಾಯ್ತಾ? ಒಂದೇ ಅಲ್ವಾ, ಇಷ್ಟು ದಿನ ಯಾಕೆ?"

"ಕೂತ್ಕೊಳ್ಳಿ ಅಣ್ಣ. ಅದರಲ್ಲಿ ಗಂಟಿದೆ. ಬಿಚ್ಚಬೇಕು."

"ಅಯ್ಯೋ, ಒಂದು ಗಂಟಿಗೆ ಪೂರ್ತಿ ಬಿಚ್ತಾರಾ? ಕೊಡಿ ಇಲ್ಲಿ, ಒಳಗೊಂದು ತೆಳು ಚೀಲ ಹಾಕ್ಕೋತೀನಿ."

ಅಕ್ಕ ಕೊಡುವುದಿಲ್ಲ. ನೂಲಿನ ತುದಿಯನ್ನು ಅವರ ಕೈಗೆ ಕೊಟ್ಟು, "ಸುತ್ತಿ" ಎನ್ನುತ್ತಾರೆ. ಗಂಟು ಬಂದು ಹೋಗುತ್ತದೆ. ಆದರೂ ಅಕ್ಕ ಬಿಚ್ಚುವುದನ್ನು ನಿಲ್ಲಿಸುವುದಿಲ್ಲ. ಹಿಮ್ಮಡಿಯ ಬಟ್ಟಲು ಕರಗುತ್ತಿದ್ದಂತೆ, ಕಣ್ಣು ನೂಲಿನ ಮೇಲಿಟ್ಟೇ ಹೇಳುತ್ತಾರೆ:

"ಆವತ್ತು ನಿಮ್ಮ ಬೂಟಲ್ಲಿ ಕಲ್ಲಿರಲಿಲ್ಲ ಅಣ್ಣ. ನನ್ನ ಗಂಟಿತ್ತು."

ಪೋಸ್ಟ್‌ಮ್ಯಾನ್ ಕೈ ನಿಲ್ಲುತ್ತದೆ. ಪಕ್ಕದಲ್ಲಿ ಹತ್ತಿ ಕತ್ತರಿಸುತ್ತಿದ್ದ ನರ್ಸಮ್ಮ ಕತ್ತರಿ ಕೆಳಗಿಡುತ್ತಾರೆ.

"ಎಷ್ಟು ದಪ್ಪ ಇತ್ತು?" ಪೋಸ್ಟ್‌ಮ್ಯಾನ್ ಕೇಳುತ್ತಾರೆ.

"ಇಷ್ಟೇ. ಇದೇ ಥರ."

ಅವರು ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಎಂಟು ವರ್ಷ ಆ ಕಲ್ಲಿಗೆ ಬಯ್ದೆನಲ್ಲಕ್ಕಾ" ಎನ್ನುತ್ತಾರೆ ಕೊನೆಗೆ. ಪರವಾಗಿಲ್ಲ ಎನ್ನುವುದಿಲ್ಲ. ಊರುಗೋಲು ತೆಗೆದುಕೊಂಡು ಎದ್ದು ಹೋಗುವುದೂ ಇಲ್ಲ. ಉಳಿದ ನೂಲು ಸುತ್ತಿ ಮುಗಿಸಿ ಉಂಡೆಯನ್ನು ಬೆಂಚಿನ ಮೇಲಿಡುತ್ತಾರೆ. ಎಡಗಾಲಿನ ಚಪ್ಪಲಿ ಕಳಚಿ ಪಾದ ಮುಂದೆ ಚಾಚುತ್ತಾರೆ.

"ಅಳತೆ ತಗೊಳ್ಳಿ. ಹೋದ ಸಲಕ್ಕಿಂತ ಬಾತಿದೆ."

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗುತ್ತಾರೆ. "ಇದನ್ನೂ ಬರ್ಕೊಳ್ಳಿ. ಹೇಳಬೇಕಾದವರಿಗೆ ಹೇಳಾಯ್ತು. ನಾನು ಮನೆ ಕೇಳಿಲ್ಲ, ಬಹುಮಾನ ಕೇಳಿಲ್ಲ. ಅವರ ಆ ಒಂದು ಕಾಲು ಕೊನೇತನಕ ಅವರ ಜೊತೆಗಿರ್ಲಿ, ಅಷ್ಟೇ."

ಮತ್ತೆ ಕುಣಿಕೆ ಹಾಕುತ್ತಾರೆ, ಒಟ್ಟು ಐವತ್ತಾರು. ಈ ಸಲ ಮುಗಿಯುವತನಕ ಕಾಯುವುದಿಲ್ಲ; ಕಡ್ಡಿ ಸೇರುವ ಮೊದಲೇ ನೂಲಿನ ಪ್ರತಿ ಗೇಣನ್ನೂ ತುಟಿಯ ಮೇಲೆ ಹಾಯಿಸುತ್ತಾರೆ. ಹದಿನೈದು ದಿನವಾದರೂ ಹಿಡಿದೀತು. ಹಾಯಿಸುತ್ತಾ ಹಾಯಿಸುತ್ತಾ ಒಂದು ಕಡೆ ನಿಲ್ಲಿಸಿ, ನೂಲನ್ನು ಬೆಳಕಿಗೆ ಹಿಡಿಯುತ್ತಾರೆ. ಕಣ್ಣಿಗೆ ಏನೂ ಕಾಣದಷ್ಟು ಸಣ್ಣ ಸಿಕ್ಕು.

"ನೋಡಿದ್ರಾ, ತುಟಿಗೆ ಇನ್ನೂ ಗೊತ್ತಾಗುತ್ತೆ" ಎಂದು ಕತ್ತರಿಗೆ ಕೈ ಚಾಚುತ್ತಾರೆ.