ಟಾರ್ಚಪ್ಪನ ನಾಲ್ಕು ಆಟ

ಊರಿಗೆಲ್ಲ ಅವನು ಟಾರ್ಚಪ್ಪ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತಿದ್ದರೂ ಆಶ್ಚರ್ಯವಿಲ್ಲ. ಸಿನಿಮಾ ಶುರುವಾದ ಮೇಲೆ ಕತ್ತಲಲ್ಲಿ ತಡವರಿಸಿಕೊಂಡು ಬರುವವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುವುದು ಅವನ ಕೆಲಸ. ಬೆಳಕು ಕಾಲಿಗೆ ಮಾತ್ರ, ಮುಖಕ್ಕೆ ಬಿಡುವಂತಿಲ್ಲ. ಯಾರು ಯಾರ ಪಕ್ಕ ಕೂತರೆ ನಮಗೇನು ಎನ್ನುತ್ತಿದ್ದ. ಪರದೆ ನೋಡುವ ಚಟ ಬಿಟ್ಟು ಎಷ್ಟೋ ಕಾಲವಾಗಿತ್ತು. ಗೋಡೆಗೊರಗಿ ಜನರ ಮುಖ ನೋಡಿಯೇ ಕಥೆ ಎಲ್ಲಿಗೆ ಬಂತೆಂದು ಹೇಳುತ್ತಿದ್ದ.

ಹೋದ ವರ್ಷದ ಯುದ್ಧದಲ್ಲಿ ಅವನ ಒಬ್ಬನೇ ಮಗ ಹೋದ. ಸೇತುವೆ ಕಾಯುವ ತುಕಡಿಗೆ ಅವನೇ ಡ್ರೈವರ್. ಸಾಮಾನು ತರುವಾಗ ಮಂಜಿನಲ್ಲಿ ಲಾರಿ ಕಂದಕಕ್ಕೆ ಉರುಳಿತ್ತು, ಅಷ್ಟೇ. ಮನೆಯವರ ಕಣ್ಣೀರು ಇನ್ನೂ ಆರಿರಲಿಲ್ಲ, ಆ ಸೇತುವೆಯ ಕಾಳಗದ ಮೇಲೊಂದು ಸಿನಿಮಾ ಬಂತು, ಅದೂ ಇವನ ಟಾಕೀಸಿಗೇ. ಲಾರಿ ಉರುಳಿ ಸತ್ತವನಿಂದ ಸಿನಿಮಾದವರಿಗೇನು ಲಾಭ? ಡ್ರೈವರನನ್ನೂ ಸೇತುವೆ ಮೇಲೆ ನಿಲ್ಲಿಸಿ, ಕೈಗೆ ಬಂದೂಕು ಕೊಟ್ಟು, ಮಾರುದ್ದ ಮಾತಾಡಿಸಿ ಸಾಯಿಸಿದ್ದರು. ಮನೆಯಲ್ಲಿ ಎರಡು ಮಾತಾಡಿದರೆ ಹೆಚ್ಚು ಎನ್ನುವಂಥ ಹುಡುಗ ಅದು! ಅವನು ಬೀಳುತ್ತಲೇ ಟಾಕೀಸಿಗೆ ಟಾಕೀಸೇ ಎದ್ದು ಸಿಳ್ಳೆ ಹಾಕುತ್ತಿತ್ತು, ಚಪ್ಪಾಳೆ ಹೊಡೆಯುತ್ತಿತ್ತು.

ತಾನೂ ನೋಡಬೇಕೆಂದು ಹೆಂಡತಿ ಹಟ ಹಿಡಿದಳು. ಆ ಸಿಳ್ಳೆ ಕಿವಿಗೆ ಬಿದ್ದರೆ ಇವಳ ಎದೆ ಒಡೆದುಹೋಗುತ್ತದೆ ಎಂದು ಟಾರ್ಚಪ್ಪನಿಗೆ ದಿಗಿಲು. "ಹೌಸ್‌ಫುಲ್ ಕಣೇ," ಎಂದು ದಿನವೂ ಸುಳ್ಳು ಹೇಳಿದ. ಅರ್ಧ ಟಾಕೀಸು ಖಾಲಿ ಹೊಡೆಯುತ್ತಿದ್ದಾಗಲೂ ಹೌಸ್‌ಫುಲ್.

ಒಂದು ಮಧ್ಯಾಹ್ನ ಯಾರೋ ಹೆಂಗಸು ತಡವಾಗಿ ಬಂದಳೆಂದು ಟಾರ್ಚ್ ಬಿಟ್ಟ. ಬೆಳಕಿಗೆ ಬಿದ್ದದ್ದು ಹೆಂಡತಿಯ ಚಪ್ಪಲಿ, ಮೊನ್ನೆ ತಾನೇ ಹೊಲಿಗೆ ಹಾಕಿಸಿ ತಂದದ್ದು. ಸುಮ್ಮನೆ ಸೀಟು ತೋರಿಸಿದ.

ಆ ಗಳಿಗೆ ಬಂತು. ಜನ ಎದ್ದರು, ಅವರ ನಡುವೆ ಅವಳು ಕಾಣದಾದಳು. ಟಾರ್ಚಪ್ಪ ಸಾಲಿನೊಳಗೆ ನುಗ್ಗಿ, ಜನ್ಮದಲ್ಲೇ ಮಾಡದಿದ್ದ ತಪ್ಪು ಮಾಡಿದ. ನೇರ ಅವಳ ಮುಖಕ್ಕೆ ಬೆಳಕು ಬಿಟ್ಟ. ಹಿಂದಿನಿಂದ ಬೈಗುಳ ಬಿದ್ದವು. ಅವಳು ಎದ್ದು ನಿಂತಿದ್ದಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆಯುತ್ತಿದ್ದಳು.

ಆಟ ಬಿಟ್ಟ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ನೀನ್ಯಾಕೆ ಚಪ್ಪಾಳೆ ಹೊಡೆದೆ?" ಎಂದ.

"ಎಲ್ಲಾರೂ ಹೊಡೀತಿದ್ರು. ಹೆತ್ತವಳು ಒಬ್ಬಳೇ ಸುಮ್ನೆ ಕೂತ್ರೆ ಮಗೂಗೆ ಬೇಜಾರಾಗಲ್ವೇನ್ರೀ?"

"ಅದು ನಮ್ಮವನಲ್ಲ ಕಣೇ. ಎಲ್ಲಾ ಸುಳ್ಳು."

"ನಂಗೊತ್ತಿಲ್ವಾ? ಅವನೆಲ್ಲಿ ಅಷ್ಟು ಮಾತಾಡ್ತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಏನೋ ಹೊಳೆದವಳಂತೆ ಅವನ ಕಡೆ ತಿರುಗಿದಳು. "ದಿನಕ್ಕೆ ನಾಲ್ಕು ಆಟ ಅಲ್ವಾ? ನಾಲ್ಕು ಸಲಾನೂ ನೀವು ಒಳಗೇ ನಿಂತಿರ್ತೀರಾ?"

ಟಾರ್ಚಪ್ಪ ಹೌದೆಂದು ತಲೆಯಾಡಿಸಿದ. ಮಗ ಹೋದ ಸುದ್ದಿ ಬಂದಾಗಲೂ ಹೆಂಡತಿಗೆ ಧೈರ್ಯ ಹೇಳಿದ್ದ ಗಂಡಸು, ಈಗ ಮೊಣಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಅವಳು ತಡೆಯಲಿಲ್ಲ, ಬೆನ್ನು ಸವರುತ್ತ ಕೂತಳು.

ಮುಂದಿನ ಆಟದ ಗಂಟೆ ಹೊಡೆಯಿತು. ಅವನು ಏಳಹೋದ. ಅವಳು ಅವನ ಭುಜ ಒತ್ತಿ ಕೂರಿಸಿ, ಕೈಯಿಂದ ಟಾರ್ಚ್ ಬಿಡಿಸಿಕೊಂಡಳು.

"ಇದೊಂದು ಆಟ ನಾನು ನಿಲ್ತೀನಿ. ನೀವು ಇಲ್ಲೇ ಕೂತಿರಿ," ಎಂದು ಕತ್ತಲೊಳಗೆ ಹೋದಳು.